ಕಣ್ಣು ಮುಚ್ಚಿ ಕೇಳುವ ಮೇಷ್ಟ್ರು

"ಇಂಥ ಕೇಳುಗ ಯಾವ ಗಮಕಿಗೆ ಸಿಕ್ಕಾನು?" ಕಾವ್ಯವಾಚನ ಮುಗಿಸಿ ಪುಸ್ತಕ ಮಡಿಸುತ್ತಾ ಗಮಕಿ ಅನಂತಯ್ಯ ಯಾರಿಗೂ ಅಲ್ಲದಂತೆ ಗಟ್ಟಿಯಾಗಿ ಕೇಳಿದರು.

ಮುಂದಿನ ಸಾಲಿನಲ್ಲಿ ನಿವೃತ್ತ ಲಕ್ಕಣ್ಣ ಮೇಷ್ಟ್ರು ಶಾಲು ಹೊದ್ದು ಕಣ್ಣು ಮುಚ್ಚಿ ಕೂತಿದ್ದರು. ಆರು ತಿಂಗಳಿಂದ ಪ್ರತಿ ಶನಿವಾರದ ವಾಚನದಲ್ಲೂ ಹೀಗೇ. ಮಾತಿಲ್ಲ, ಪ್ರಸಾದವೂ ಬೇಡ.

"ಪೂರ್ತಿ ವೈರಾಗ್ಯ ಬಂದ್ಬಿಟ್ಟಿದೆ, ನೋಡೀಮ್ಮ," ಎಂದು ಅನಂತಯ್ಯ ಕೇಳಲು ಬಂದಿದ್ದ ಡಾಕ್ಟರಮ್ಮನಿಗೆ ಹೆಮ್ಮೆಯಿಂದ ತೋರಿಸಿದರು.

ಡಾಕ್ಟರಮ್ಮ ಮೇಷ್ಟ್ರ ನುಣುಪು ಕೆನ್ನೆಯನ್ನೇ ನೋಡಿದರು. "ಈ ಸೆಖೇಲಿ ಶಾಲು ಯಾಕೆ ಮೇಷ್ಟ್ರೇ? ಗಡ್ಡ ತೆಗೆದು ಎಷ್ಟು ದಿನ ಆಯ್ತು?"

"ಎರಡು ತಿಂಗಳಾಯ್ತಮ್ಮ. ಬೆಳೆಯೋದೇ ಇಲ್ಲ. ಎದ್ದು ನಿಂತ್ರೆ ತಲೆ ಸುತ್ತತ್ತೆ."

ರಕ್ತಪರೀಕ್ಷೆ, ಸ್ಕ್ಯಾನ್ ಆದವು. ಮಿದುಳಿನ ಬುಡದಲ್ಲಿರುವ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಹಾರ್ಮೋನು ಕೊಡುವುದನ್ನು ನಿಲ್ಲಿಸಿತ್ತು.

"ಇದು ವಯಸ್ಸೂ ಅಲ್ಲ, ವೈರಾಗ್ಯಾನೂ ಅಲ್ಲ," ಎಂದು ಡಾಕ್ಟರಮ್ಮ ದಿನಾ ನುಂಗುವ ಮಾತ್ರೆ ಬರೆದುಕೊಟ್ಟರು.

ಎರಡು ತಿಂಗಳ ಮೇಲೆ ಒಂದು ಶನಿವಾರ ಮೇಷ್ಟ್ರು ಶಾಲಿಲ್ಲದೆ ಬಂದು, ನಾಲ್ಕು ಕೋಡುಬಳೆ ತಿಂದು, ತಮ್ಮ ಜಾಗದಲ್ಲಿ ಕಣ್ಣು ಬಿಟ್ಟುಕೊಂಡು ಕೂತರು.

ಮರುದಿನ ಅನಂತಯ್ಯ ಡಾಕ್ಟರಮ್ಮನ ಮನೆಬಾಗಿಲಲ್ಲಿ ಕೈಮುಗಿದು ನಿಂತಿದ್ದರು.

"ಅಯ್ಯೋ, ಕೈ ಯಾಕೆ ಮುಗೀತೀರಿ? ನನ್ನ ಕೆಲಸ ನಾನು ಮಾಡ್ದೆ."

"ಅದಕ್ಕಲ್ಲಮ್ಮ. ನಿನ್ನೆ ಮೇಷ್ಟ್ರು ಹನ್ನೊಂದು ಸಲ ನನ್ನನ್ನ ತಡೆದು ನಿಲ್ಲಿಸಿದ್ರು. ಕಷ್ಟದ ಪದ್ಯ ಎಲ್ಲಾ ಹಾರಿಸ್ತೀನಿ ಅಂತ ಸಭೆಗೇ ಗೊತ್ತಾಯ್ತು. ಆ ಮಾತ್ರೆ... ಶನಿವಾರ ಮಾತ್ರ ಬಿಟ್ರೆ ಆಗಲ್ವಾ?"

"ಆಗಲ್ಲ," ಎಂದರು ಡಾಕ್ಟರಮ್ಮ. "ಒಂದು ಹೊತ್ತೂ ಬಿಡೋ ಹಾಗಿಲ್ಲ."