ಚೌಡವ್ವ ಕೂತ ಕುರ್ಚಿ

ಸೋಮವಾರ ನೆಟ್ಟರೆ ಶನಿವಾರಕ್ಕೆ ದಿಮ್ಮಿಯಾಗುವ ಮರಗಳು ಬಂದಮೇಲೆ ಹಕ್ಕಿಗಳು ಗೂಡು ಕಟ್ಟುವುದನ್ನೇ ಬಿಟ್ಟಿದ್ದವು. ಮರದಲ್ಲಿದ್ದ ದೇವತೆ ಚೌಡವ್ವನನ್ನು ಪೂಜಾರಿಣಿ ಕರಿಯವ್ವ ವಾರವಾರವೂ ಕೋಳಿ ಕುಯ್ದು ಹೊಸ ಮರಕ್ಕೆ ದಾಟಿಸುತ್ತಿದ್ದಳು. ಈ ಸಲ ಮರ ಬೆಳೆಸುವ ಕಂಪನಿಯವರು ಅವಸರಬಿದ್ದು, ಅವಳನ್ನು ದಾಟಿಸುವ ಮೊದಲೇ, ಶುಕ್ರವಾರವೇ ಕಡಿದುಬಿಟ್ಟರು.

ಶನಿವಾರ ಕರಿಯವ್ವ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಮ್ಯಾನೇಜರನ ಕೋಣೆಗೇ ನುಗ್ಗಿದಳು.

"ಏಳಪ್ಪಾ ಮ್ಯಾಕೆ! ನೀನು ಕೂತಿರಾದು ನಮ್ಮವ್ವನ ತೊಡೆ ಮ್ಯಾಲೆ."

"ಇದು ಹೊಸ ಕುರ್ಚಿ ಕಣಮ್ಮಾ!"

"ನೀವು ಕಡಿದ ಮರದ್ದೇಯ. ಅವ್ವ ಒಳಗೇ ಉಳಕಂಡವ್ಳೆ. ಇಲ್ಲೇ ಕುಯ್ಯಲಾ ಕೋಳೀನ?"

ಮ್ಯಾನೇಜರು ದಡಬಡಿಸಿ ಎದ್ದ. "ಬೇರೆ ಮರಕ್ಕೆ ಕರ್ಕೊಂಡು ಹೋಗು ತಾಯೀ!"

"ಅವ್ವಂಗೆ ವಾರವಾರ ಗಂಟುಮೂಟೆ ಹೊತ್ತು ಸಾಕಾಗೈತಂತೆ. ಹಕ್ಕಿಮರಿ ರೆಕ್ಕೆ ಬಲಿಯೋಗಂಟ ನಿಲ್ಲೋ ಮರ ಒಂದನ್ನ ಬಿಡು, ಬತ್ತಾಳೆ. ಅಲ್ಲೀಗಂಟ ನೀನೂ ನಿಂತಿರು."

ಸಂಜೆಯ ಹೊತ್ತಿಗೆ ಮ್ಯಾನೇಜರನ ಕಾಲು ಊದಿತು. ಮರುದಿನ ಗರಗಸ ಒಂದು ಮರವನ್ನು ಬಿಟ್ಟು ಮುಂದಕ್ಕೆ ಹೋಯಿತು.