ಎಲ್ಡರ್ ಹೂವಿನ ಏಳನೆಯ ಜಾಡಿ

ಹಿತ್ತಲ ಶೆಡ್ಡಿನಲ್ಲಿ ಥೆಲ್ಮಾಗೆ ಸಿಕ್ಕಿದ್ದು ಆರು ಗಾಜಿನ ಜಾಡಿಗಳು. ಆರೂ ಖಾಲಿ. ಒಂದನ್ನು ಮೂಸಿ ನೋಡಿದಳು. ವೈನ್! ಕುಡಿತವೆಂದರೆ ಸೈತಾನನ ಕೆಲಸ ಎಂದು ಚಾಪೆಲ್ಲಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ಅವಳು. ಸತ್ತ ತಂಗಿಯ ಮನೆಯಲ್ಲೇ ಇದನ್ನು ನೋಡಬೇಕಾಯಿತಲ್ಲ ಎಂದು ಜಾಡಿಯನ್ನು ದೂರ ತಳ್ಳಿದಳು.

ತಂಗಿ ಮೇವಿಸ್ ತೀರಿಕೊಂಡು ನಾಲ್ಕು ತಿಂಗಳು. ಉಣ್ಣೆ ಗಿರಣಿಯ ಧೂಳು ಅವಳ ಎದೆಯನ್ನು ತಿಂದುಹಾಕಿತ್ತು. ಮಣ್ಣು ಮಾಡಿ ಬಂದ ಮರುದಿನವೇ ಆಸ್ಪತ್ರೆಯವರು ಬಂದು ತಮ್ಮ ಸಾಮಾನೆಲ್ಲ ವ್ಯಾನಿಗೆ ಹೇರಿಕೊಂಡು ಹೋದರು. ಮೇವಿಸ್‌ಳ ಗಂಡ ವಿಲ್ಫ್ರೆಡ್ ಬಾಗಿಲಲ್ಲಿ ನಿಂತು ನೋಡಿದ. ಅಂದಿನಿಂದ ಅವನಿಗೆ ನಿದ್ದೆ ಇಲ್ಲ.

ವಿಲ್ಫ್ರೆಡ್ ಹ್ಯಾಲಿಫ್ಯಾಕ್ಸಿಗೆ ಹೋಗುವ ಬಸ್ಸಿನ ಚಾಲಕ. ಒಂದು ಬೆಳಿಗ್ಗೆ ತೂಕಡಿಸಿ, ಮೂವತ್ತು ಜನರಿದ್ದ ಬಸ್ಸನ್ನು ಕಲ್ಲುಗೋಡೆಗೆ ಉಜ್ಜಿಬಿಟ್ಟ. ಇನ್ನೊಮ್ಮೆ ಹೀಗಾದರೆ ಕೆಲಸ ಬಿಡಬೇಕಾಗುತ್ತದೆ ಎಂದರು ಡಿಪೊದವರು.

ವೈನ್ ಶುರುವಾದದ್ದು ಆಮೇಲೆ.

"ಎಲ್ಡರ್ ಗಿಡ ಹೂ ಬಿಡೋದು ಜೂನಿಗೆ. ಅಲ್ಲೀವರೆಗೆ ನನ್ನ ಕೈಲಿ ಕಾಯೋಕಾಗಲ್ಲ" ಎಂದ ವಿಲ್ಫ್ರೆಡ್, ಮನೆವೈನಿನ ಸಾಮಾನು ಮಾರುವ ಕ್ಲೆಗ್‌ನ ಅಂಗಡಿಯಲ್ಲಿ.

"ಅಷ್ಟು ಆತುರಾನಾ? ಹಾಗಾದ್ರೆ ಎಲ್ಡರ್ ಹೂವಿನ ಶರಬತ್ತಿನಿಂದ್ಲೇ ಮಾಡು, ಮಾರಾಯ. ಶರಬತ್ತು, ಸಕ್ಕರೆ, ನೀರು, ಯೀಸ್ಟ್. ಮುಚ್ಚಳಕ್ಕೆ ಈ ಬಾಗಿದ ನಳಿಗೆ ಸಿಕ್ಕಿಸಿ, ಅದ್ರಲ್ಲಿ ಒಂದು ಗುಟುಕು ನೀರು ಬಿಡು. ಒಳಗಿನ ಗಾಳಿ ಹೊರಗೆ ಹೋಗುತ್ತೆ, ಹೊರಗಿಂದು ಒಳಗೆ ಬರಲ್ಲ. ಆರು ತಿಂಗಳು ಬಿಟ್ಟು ಕುಡಿದು ನೋಡು, ಸ್ವರ್ಗ!"

"ಜೋರಾಗಿ ಹುದುಗೋದು ಎಷ್ಟು ದಿನ?"

"ಎರಡು ವಾರ."

"ನನಗೆ ಅಷ್ಟು ಸಾಕು."

ಕ್ಲೆಗ್ ಹುಬ್ಬೇರಿಸಿದ. ಹಸಿ ವೈನನ್ನೇ ಹೀರುವ ಗಿರಾಕಿಗಳು ಅವನಿಗೆ ಹೊಸಬರೇನಲ್ಲ.

ಮೊದಲ ಸಲ ಕೈಕೊಟ್ಟಿತು. ಶರಬತ್ತು ಕೆಡದಿರಲೆಂದು ಬೆರೆಸಿದ್ದ ರಾಸಾಯನಿಕ ಯೀಸ್ಟನ್ನೇ ಮಲಗಿಸಿತ್ತು. ಜಾಡಿ ನಾಲ್ಕು ದಿನ ಮಿಸುಕಲಿಲ್ಲ. ವಿಲ್ಫ್ರೆಡ್ ನಾಲ್ಕು ದಿನವೂ ಕೆಂಗಣ್ಣಿನಲ್ಲೇ ಬಸ್ಸು ಓಡಿಸಿದ. ಬೇರೆ ಶರಬತ್ತು ತಂದು ಹಾಕಿದ. ಅದು ಹುದುಗಿತು. ಎರಡು ವಾರಕ್ಕೊಂದು ಹೊಸ ಜಾಡಿಯಾಯಿತು. ಅವನ ಮುಖಕ್ಕೆ ಮೊದಲಿನ ಬಣ್ಣ ಬಂತು.

"ಈಗ ನಿದ್ದೆ ಬರ್ತಿದೆಯೇನೋ?" ಎಂದು ಡಿಪೊದಲ್ಲಿ ಯಾರೋ ಕೇಳಿದರು.

"ವೈನ್ ಶುರು ಮಾಡಿದ್ಮೇಲೆ ಬರ್ತಿದೆ" ಎಂದ, ಪೆದ್ದ. ಆ ಮಾತು ಥೆಲ್ಮಾಳ ಕಿವಿಗೆ ಬೀಳಲು ಮೂರು ದಿನವೂ ಹಿಡಿಯಲಿಲ್ಲ.

ಭಾನುವಾರ ಮಧ್ಯಾಹ್ನ ಅವಳು ಶೆಡ್ಡಿನಿಂದ ನೇರ ಮಹಡಿ ಹತ್ತಿದಳು. ಮಲಗುವ ಕೋಣೆಯಲ್ಲಿ ಮಂಚದ ಆ ಬದಿಗೆ, ಮೇವಿಸ್‌ಳ ದಿಂಬಿನ ಪಕ್ಕದ ಸ್ಟೂಲಿನ ಮೇಲೆ, ಏಳನೆಯ ಜಾಡಿ ತುಂಬಿ ಕುಳಿತಿತ್ತು. ಹಿಂದೆಯೇ ವಿಲ್ಫ್ರೆಡ್ ಓಡಿ ಬಂದ.

"ಅವಳ ತಲೆದೆಸೆಯಲ್ಲೇ ಇಟ್ಕೊಂಡಿದೀಯಲ್ಲೋ, ನಾಚಿಕೆ ಆಗಲ್ವಾ? ಮೂವತ್ತು ಜನರ ಜೀವ ನಿನ್ನ ಕೈಲಿ. ನಾಳೆ ಡಿಪೊಗೆ ಹೋಗಿ ಹೇಳ್ತೀನಿ."

"ಒಂದು ತೊಟ್ಟೂ ಕುಡಿದಿಲ್ಲ, ಥೆಲ್ಮಾ. ಹುದುಗೋದು ನಿಂತ್ಮೇಲೆ ಎಲ್ಲಾ ಮೋರಿಗೆ ಸುರೀತೀನಿ."

"ಮೋರಿಗೆ ಸುರಿಯೋಕೆ ಯಾರಾದ್ರೂ ವೈನ್ ಮಾಡ್ತಾರಾ? ನನ್ನ ಕಿವಿ ಮೇಲೆ ಹೂ ಇಡಬೇಡ!"

"ಆಮೇಲೆ ಎಷ್ಟು ಬೇಕಾದ್ರೂ ಬೈಯಿ. ಈಗ ಒಂದು ನಿಮಿಷ ಕೂತ್ಕೊ. ಕಣ್ಣು ಮುಚ್ಕೊ."

ಅವನ ದನಿಯಲ್ಲಿ ಏನಿತ್ತೋ, ಅವಳು ಕುಳಿತಳು. ತಂಗಿಯನ್ನು ನೋಡಿಕೊಳ್ಳಲು ಬಂದಾಗಲೆಲ್ಲ ಕೂರುತ್ತಿದ್ದ ಅದೇ ಕುರ್ಚಿ. ಸಿಟ್ಟಿನಿಂದಲೇ ಕಣ್ಣು ಮುಚ್ಚಿದಳು. ಕೋಣೆ ನಿಶ್ಶಬ್ದವಾಯಿತು. ಜಾಡಿಯ ನಳಿಗೆಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಗುಳುಗುಳು, ಗುಳುಗುಳು.

ಥೆಲ್ಮಾಳ ಬಲಗೈ ತಾನಾಗಿಯೇ ಖಾಲಿ ಹಾಸಿಗೆಯ ಮೇಲೆ ತಂಗಿಯ ಕೈಯನ್ನು ತಡಕಾಡಿತು. ಸಿಗಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಎರಡು ವರ್ಷ, ಅದೇ ಮೂಲೆಯಿಂದ, ಮೇವಿಸ್‌ಳ ಆಮ್ಲಜನಕದ ಯಂತ್ರದ ನೀರಿನ ಸೀಸೆ ಹಗಲಿರುಳು ಮಾಡುತ್ತಿದ್ದ ಸದ್ದು ಅದು.