ಕೊನೆಯ ಹಿಮದ ತಾರೀಖು

"ರೀ, ನಾಳೆ ಅಲ್ಲ, ಈ ರಾತ್ರಿಯೇ ಹಿಮ ಬೀಳುತ್ತೆ! ಆ್ಯಪ್ ತೋರಿಸಿದ್ದು ಮಲೇಷ್ಯಾದ ಗಂಟೆ, ನಾನು ಗಮನಿಸಲಿಲ್ಲ." ಸೈಬರ್‌ಜಯಾದ ಅಡುಗೆಮನೆಯಿಂದ ಸುಮತಿ ವಿಡಿಯೋ ಕರೆಯಲ್ಲಿ ಕೂಗಿದಳು. ಇಲ್ಲಿ ಬೆಳಿಗ್ಗೆ ಹತ್ತು. ಗಂಡ ಮಧ್ವರಾಜನಿದ್ದ ಕೆನಡಾದ ಕ್ಯಾಲ್ಗರಿಯಲ್ಲಿ ಹಿಂದಿನ ಸಂಜೆ ಎಂಟು.

"ಹೊದಿಸೋ ಬಟ್ಟೆ ನಾಳೆ ತರೋಣ ಅಂತಿದ್ದೆ. ಬಾಟನಿ ಮೇಡಂನ ನಂಬಿದ್ದೇ ತಪ್ಪು," ಎಂದು ಅವನು ನಕ್ಕ. ಬಾಟನಿ ಕಲಿಸುವ ಅವಳಿಗೆ ನಗು ಬರಲಿಲ್ಲ. ಕೋವಿಡ್‌ನಿಂದ ಗಡಿ ಮುಚ್ಚಿ ಹದಿನಾಲ್ಕು ತಿಂಗಳು. ಅವನು ಕಿಟಕಿಯ ಬಳಿ ಎಂಟು ವಾರ ಬೆಳೆಸಿ, ಕೊನೆಯ ಹಿಮ ಕಳೆಯಿತೆಂದು ಅವಳು ಹೇಳಿದ ದಿನವೇ ಹೊರಗೆ ನೆಟ್ಟ ಗೇಣುದ್ದದ ಮೂರು ಟೊಮೆಟೊ ಸಸಿಗಳು. ಅವೂ ಸತ್ತರೆ ಇಬ್ಬರಿಗೂ ಮಾತಾಡಲು ಉಳಿಯುವುದು ಅವನು ಮಲೇಷ್ಯಾಕ್ಕೆ ಬರಲು ಬೇಕಾದ ಪರ್ಮಿಟ್ ಒಂದೇ.

"ಬಕೆಟ್ ಏನಾದ್ರೂ ಇದ್ರೆ ಮುಚ್ಚಿ, ಬೇಗ!"

ಅವನು ಫೋನನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದ. ಪರದೆಯಲ್ಲಿ ಗಾಳಿಗೆ ನಡುಗುವ ಸಸಿಗಳಷ್ಟೇ ಕಾಣುತ್ತಿದ್ದವು. ಬಂದಾಗ ಅವನ ಕೈಯಲ್ಲಿ ನೀಲಿ ಸೂಟ್‌ಕೇಸ್ ಇತ್ತು. ಪರ್ಮಿಟ್ ಸಿಕ್ಕ ದಿನವೇ ಹೊರಡಬೇಕೆಂದು ತುಂಬಿ ಬಾಗಿಲ ಬಳಿ ಇಟ್ಟಿದ್ದು, ದಿನವೂ ಕರೆಯಲ್ಲಿ ಅವನ ಬೆನ್ನ ಹಿಂದೆ ಅವಳು ನೋಡುತ್ತಿದ್ದದ್ದು. ಅಂಗಿಗಳನ್ನೆಲ್ಲ ಮೆಟ್ಟಿಲ ಮೇಲೆ ಸುರಿದು, ಖಾಲಿ ಸೂಟ್‌ಕೇಸನ್ನು ಸಸಿಗಳ ಮೇಲೆ ಬೋರಲು ಹಾಕಿದ.

"ಪರ್ಮಿಟ್ ಬಂದ್ರೆ ಏನು ಮಾಡ್ತೀರಿ?"

ಅಂಚಿನ ಸುತ್ತ ಮಣ್ಣು ಒತ್ತುತ್ತ, ತಲೆ ಎತ್ತದೆ ಅವನೆಂದ: "ಉತ್ತರ ಬಂತು, ಸುಮತಿ. ಆಗಲ್ಲವಂತೆ. ಈ ಹಣ್ಣು ಕೀಳೋದು ನಾನೇ."